ಮುದ್ದೆ, ಮೊಟ್ಟೆ, ಭಾರದ ಹೈಡ್ರೋಜನ್

ಹೋದ ಭಾನುವಾರ ಊರಲ್ಲಿದ್ದೆ. ಮಾಗಡಿ ಕಡೆ ನಮ್ಮೂರು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಚಿಕ್ಕಪ್ಪನ ಮಗನೂ ಬಂದಿದ್ದ. ಅವನ ಬ್ಯಾಗಲ್ಲಿ ಲ್ಯಾಪ್‌ಟಾಪಿನ ಪಕ್ಕ ಎರಡು ಕೆಜಿಯ ಪ್ರೋಟೀನ್ ಪುಡಿ ಡಬ್ಬ. ಊಟಕ್ಕೆ ಕೂತಾಗ ಅವ್ವ ಬಿಸಿ ಮುದ್ದೆ ತಂದ್ರೆ ತಟ್ಟೆಗೆ ಕೈ ಅಡ್ಡ ಹಿಡಿದ.

“ಅರ್ಧ ಹಾಕು ದೊಡ್ಡವ್ವ. ಅದ್ರಲ್ಲೇನೈತೆ, ಬರೀ ಕಾರ್ಬು. ಪ್ರೋಟೀನೇ ಇಲ್ಲ.”

ಅವ್ವ ಬಿಡ್ತಾಳಾ? “ನಿಮ್ ತಾತ ಇದನ್ನೇ ಉಂಡು ದಿನಾ ಹೊಲ ಉಳ್ತಿದ್ದ. ಅವನಿಗ್ಯಾವ ಡಬ್ಬ ತಂದುಕೊಟ್ಟಿದ್ರಲಾ?”

ಇಬ್ಬರೂ ನನ್ನ ಕಡೆ ತಿರುಗಿದರು. “ನೀನೇ ಏಳಣ್ಣ, ನಿಂದು ಅದೇ ಕೆಲಸ ಅಲ್ವಾ?” ಅಂದ ಅವನು. ಹೌದು, ನನ್ನದು ಅದೇ ಕೆಲಸ. ಬೆಂಗಳೂರಿನ ಒಂದು ಲ್ಯಾಬಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಕೂತು ಪ್ರೋಟೀನ್ ಎಷ್ಟಿದೆ ಅಂತ ಅಳೆಯೋದು. ಆದರೂ ಆವತ್ತು ಮುದ್ದೆ ಮುರಿದು ಸಾರಿಗೆ ಅದ್ದಿ ಸುಮ್ಮನೆ ನುಂಗಿದೆ. ಯಾಕಂದ್ರೆ ಇಬ್ಬರೂ ತಪ್ಪು ಹೇಳ್ತಿದ್ರು, ಅದನ್ನ ಊಟದ ಹೊತ್ತಲ್ಲಿ ಬಿಡಿಸಿ ಹೇಳೋಕೆ ಆಗ್ತಿರಲಿಲ್ಲ. ಇಲ್ಲಿ ಹೇಳ್ತೀನಿ. ಸ್ವಲ್ಪ ಖಾರವಾಗಿಯೇ ಹೇಳ್ತೀನಿ. ಯಾಕಂದ್ರೆ ಈ ತಪ್ಪಿನ ಬೆಲೆಯನ್ನು ನಾನು, ನೀವು, ನನ್ನ ತಮ್ಮ ಯಾರೂ ಕಟ್ಟುತ್ತಿಲ್ಲ. ಕಟ್ಟುತ್ತಿರುವವರು ಬೇರೆ.

ಮೊದಲು ಡಬ್ಬದ ಕಡೆಯಿಂದ ಶುರು ಮಾಡೋಣ. ‘ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್’ ಅಂತ ಅದರ ಮೇಲೆ ಬರೆದಿದೆ. ಆ 24 ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ದೀರಾ? ಕನಕಪುರದ ಕಡೆಯ ಯಾವುದೇ ಹಳ್ಳಿಯ ಹಾಲಿನ ಡೇರಿಗೆ ಬೆಳಿಗ್ಗೆ ಆರಕ್ಕೆ ಹೋಗಿ ನಿಂತು ನೋಡಿ. ಕ್ಯಾನು ಹಿಡಿದು ಬಂದ ಹೆಂಗಸು ಫ್ಯಾಟ್ ಎಷ್ಟು ಬಂತು, ನಿನ್ನೆಗಿಂತ ಯಾಕೆ ಕಮ್ಮಿ ಬಂತು, ಮಿಷಿನ್ ತೊಳೆದಿದ್ದೀರೋ ಇಲ್ವೋ ಅಂತ ಸೆಕ್ರೆಟರಿಯನ್ನ ನಿಲ್ಲಿಸಿ ಕೇಳ್ತಾಳೆ. ನಂಬರ್ ಬಂದ್ರೆ ಸಾಲದು, ಅದು ಹೇಗೆ ಬಂತು ಅಂತ ತಿಳಿಯಬೇಕು ಅನ್ನೋದು ಅವಳಿಗೆ ಗೊತ್ತು, ಯಾಕಂದ್ರೆ ಅದರ ಮೇಲೆ ಅವಳ ದುಡ್ಡು ನಿಂತಿದೆ. ಎಂಜಿನಿಯರಿಂಗ್ ಓದಿರೋ ನಾವು ಸಾವಿರಾರು ರೂಪಾಯಿ ಕೊಟ್ಟು ಡಬ್ಬ ತರ್ತೀವಿ, ಒಂದು ಪ್ರಶ್ನೆ ಕೇಳಲ್ಲ.

ಕೇಳಿದ್ರೆ ಸಿಗೋ ಉತ್ತರ ಇದು. ಸಾಮಾನ್ಯವಾಗಿ ಆ ನಂಬರಿಗಾಗಿ ಪ್ರೋಟೀನನ್ನೇ ಯಾರೂ ಅಳೆದಿರಲ್ಲ. ಅಳೆದಿರೋದು ಸಾರಜನಕವನ್ನು, ಅಂದ್ರೆ ನೈಟ್ರೋಜನ್ನನ್ನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಎಂಬಾತ ಒಂದು ವಿಧಾನ ಕಂಡುಹಿಡಿದ. ಕಾಳನ್ನು ಗಂಧಕಾಮ್ಲದಲ್ಲಿ ಕುದಿಸಿದರೆ ಅದರ ಸಾರಜನಕ ಅಮೋನಿಯಾ ಆಗುತ್ತದೆ, ಅದನ್ನು ಅಳೆಯಬಹುದು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ 16ರಷ್ಟು ಸಾರಜನಕ ಇರೋದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಎಷ್ಟು ಅಂತ ಅಂದಾಜು ಸಿಗುತ್ತದೆ. ಆ ಕಾಲಕ್ಕೆ ಜಾಣ ಉಪಾಯ. ನೂರನಲವತ್ತು ವರ್ಷ ದಾಟಿದ ಮೇಲೂ ನಮ್ಮ ಆಹಾರದ ಲೇಬಲ್ಲುಗಳು ಹೆಚ್ಚಾಗಿ ಇದೇ ಗುಣಾಕಾರದ ಮೇಲೆ ನಿಂತಿವೆ.

ತೊಂದರೆ ಏನಪ್ಪಾ ಅಂದ್ರೆ, ಸಾರಜನಕ ಇರೋದೆಲ್ಲ ಪ್ರೋಟೀನ್ ಅಲ್ಲ. ಯೂರಿಯಾದಲ್ಲಿ ಸಾರಜನಕ ಇದೆ. ಮೆಲಮೈನ್ ಅನ್ನೋ, ಪ್ಲಾಸ್ಟಿಕ್ ತಟ್ಟೆ ಮಾಡೋ ರಾಸಾಯನಿಕದಲ್ಲಂತೂ ಮೂರರಲ್ಲಿ ಎರಡು ಪಾಲು ತೂಕ ಸಾರಜನಕದ್ದೇ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಅದನ್ನು ಸೇರಿಸಿದರು. ಪ್ರೋಟೀನ್ ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಸುಮಾರು ಮೂರು ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, ಆರು ಮಕ್ಕಳು ಸತ್ತವು ಅಂತ ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಜಿಮ್ ಪುಡಿಗಳಲ್ಲಿ ಅಷ್ಟು ಕ್ರೂರವಲ್ಲದ ಇನ್ನೊಂದು ಆಟ ನಡೆಯುತ್ತೆ. ಗ್ಲೈಸೀನ್, ಟಾರೀನ್ ಥರದ ಅಗ್ಗದ ಸರಕು ಬೆರೆಸಿದರೆ ಸಾರಜನಕ ಏರುತ್ತೆ, ಲೇಬಲ್ ಮೇಲಿನ ಗ್ರಾಂ ಏರುತ್ತೆ, ನಿಮ್ಮ ತೋಳು ಮಾತ್ರ ಏರಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿತು. 25 ಪುಡಿಗಳಲ್ಲಿ ಲೇಬಲ್ ಹೇಳಿದ ಪ್ರೋಟೀನೇ ಬೇರೆ, ಒಳಗಿದ್ದದ್ದೇ ಬೇರೆ.

ಹಾಗಾದ್ರೆ ಸರಿಯಾಗಿ ಅಳೆಯೋದು ಹೇಗೆ? ಹುಳು ಮನೆಯ ಲೆಕ್ಕದಲ್ಲಿ ಹೇಳ್ತೀನಿ, ರಾಮನಗರ ಸೀಮೆಯವರಿಗೆ ಬೇಗ ಹಿಡಿಯುತ್ತೆ.

ಒಂದು ಮನೆಯಲ್ಲಿ ಸಾವಿರಾರು ರೇಷ್ಮೆ ಹುಳ ಸಾಕಿದ್ದಾರೆ. ಎಷ್ಟು ಹುಳದಿಂದ ಶುರುವಾಯಿತು ಅಂತ ತಿಳಿಯಬೇಕು, ಆದರೆ ಒಂದೊಂದಾಗಿ ಎಣಿಸೋಕೆ ಆಗಲ್ಲ. ಮೊದಲ ದಿನವೇ ಲೆಕ್ಕ ಮಾಡಿ ನೂರು ಗುರುತಿನ ಹುಳ ಅದೇ ತಟ್ಟೆಗಳಿಗೆ ಬೆರೆಸಿಬಿಡಿ. ಗುರುತು ಹೇಗಿರಬೇಕು ಅಂದ್ರೆ, ಆ ಹುಳಕ್ಕೇ ತಾನು ಬೇರೆ ಅಂತ ಗೊತ್ತಾಗಬಾರದು. ಅದೇ ಸೊಪ್ಪು ತಿನ್ನಬೇಕು, ಅದೇ ಜ್ವರಕ್ಕೆ ಮಲಗಬೇಕು, ರೋಗ ಬಂದ್ರೆ ಮಿಕ್ಕವುಗಳಷ್ಟೇ ಸಾಯಬೇಕು. ನಾಲ್ಕು ಜ್ವರ ಎದ್ದು, ಹುಳ ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟೋ ಹೊತ್ತಿಗೆ ಇರುವೆ ಹೊತ್ತಿದ್ದೆಷ್ಟು, ಹಲ್ಲಿ ತಿಂದಿದ್ದೆಷ್ಟು, ರೋಗಕ್ಕೆ ಹೋಗಿದ್ದೆಷ್ಟು ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗೂ ಇಲ್ಲ. ಎರಡು ಹಿಡಿ ಹುಳ ತೆಗೆದು ನೋಡಿ. ಐವತ್ತು ಸಾಮಾನ್ಯ ಹುಳಕ್ಕೆ ಒಂದು ಗುರುತಿನ ಹುಳ ಸಿಕ್ಕರೆ, ಶುರುವಿನಲ್ಲಿದ್ದದ್ದು ನೂರರ ಐವತ್ತು ಪಟ್ಟು, ಅಂದ್ರೆ ಐದು ಸಾವಿರ. ನಷ್ಟ ಎಷ್ಟೇ ಆಗಲಿ, ಇಬ್ಬರಿಗೂ ಸಮವಾಗಿ ಆದ್ದರಿಂದ ಅನುಪಾತ ಕೆಡಲ್ಲ.

ಪ್ರೋಟೀನಿಗೆ ಆ ಗುರುತೇ ಐಸೋಟೋಪ್. ಹೈಡ್ರೋಜನ್ನಿಗೆ ಡ್ಯುಟೀರಿಯಂ ಅಂತ ಒಬ್ಬ ಅಣ್ಣ ಇದ್ದಾನೆ. ಗುಣ ಹೆಚ್ಚುಕಮ್ಮಿ ಅದೇ, ತೂಕ ಮಾತ್ರ ಎರಡರಷ್ಟು. ಕಾರ್ಬನ್ 12ಕ್ಕೆ ಕಾರ್ಬನ್ 13 ಇದೆ. ಇವು ವಿಕಿರಣ ಸೂಸೋ ಜಾತಿಯಲ್ಲ, ನಾವು ಕುಡಿಯೋ ನೀರಲ್ಲೂ ಚೂರು ಇದ್ದೇ ಇರುತ್ತವೆ. ದೇಹಕ್ಕೆ ಇವೆರಡರ ವ್ಯತ್ಯಾಸ ಹೆಚ್ಚುಕಮ್ಮಿ ತಿಳಿಯೋದೇ ಇಲ್ಲ. ಮಾಸ್ ಸ್ಪೆಕ್ಟ್ರೋಮೀಟರಿಗೆ ಮಾತ್ರ ತಿಳಿಯುತ್ತೆ, ಯಾಕಂದ್ರೆ ಆ ಯಂತ್ರ ಅಣುಗಳನ್ನು ತೂಕದ ಮೇಲೆ ಬೇರ್ಪಡಿಸುತ್ತೆ. ಪರದೆ ಮೇಲೆ ಹಗುರದ್ದೊಂದು ಗೆರೆ, ಪಕ್ಕದಲ್ಲೇ ಭಾರದ್ದೊಂದು ಗೆರೆ ಏಳುತ್ತೆ. ಎರಡರ ಎತ್ತರ ಹೋಲಿಸಿದರೆ ಲೆಕ್ಕ ಸಿಕ್ಕಿತು.

2002ರಲ್ಲಿ ಡೆನ್ಮಾರ್ಕಿನಲ್ಲಿ ಮಥಿಯಾಸ್ ಮಾನ್ ಅವರ ತಂಡ ಇದನ್ನು ಜೀವಕೋಶಗಳ ಮೇಲೆ ಮಾಡಿ ತೋರಿಸಿತು. ಕೋಶಗಳಿಗೆ ಡ್ಯುಟೀರಿಯಂ ತುಂಬಿದ ಲ್ಯೂಸೀನ್ ತಿನ್ನಿಸಿ ಬೆಳೆಸಿದರು, ಅವುಗಳ ಪ್ರೋಟೀನೆಲ್ಲ ಭಾರವಾಯಿತು. ಸಿಲಾಕ್ ಅಂತ ಆ ವಿಧಾನದ ಹೆಸರು. ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಅಖಿಲೇಶ್ ಪಾಂಡೆ ಅದೇ ವರ್ಷ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸ್ಥಾಪಿಸಿದರು. 2014ರಲ್ಲಿ ಮನುಷ್ಯನ ದೇಹದ ಪ್ರೋಟೀನುಗಳ ಕರಡು ನಕಾಶೆ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಈ ಸಂಸ್ಥೆಯ ಹುಡುಗ ಹುಡುಗಿಯರ ಕೈ ದೊಡ್ಡದಿತ್ತು. ಈ ವಿದ್ಯೆ ಎಲ್ಲೋ ಅಮೆರಿಕದಲ್ಲಿ ಮಾತ್ರ ಇರೋದಲ್ಲ, ವೈಟ್‌ಫೀಲ್ಡಲ್ಲೂ ಇದೆ ಅಂತ ಹೇಳೋಕೆ ಇಷ್ಟು ಹೇಳಿದೆ.

ಕೋರಮಂಗಲದಲ್ಲೂ ಇದೆ. ನನ್ನ ಸಿಟ್ಟಿಗೆ ಕಾರಣ ಅಲ್ಲಿದೆ.

ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳು ಬಹಳ ವರ್ಷಗಳಿಂದ ಇದೇ ಭಾರದ ಅಣುಗಳನ್ನು ಇಟ್ಟುಕೊಂಡು ಒಂದು ಸರಳ ಪ್ರಶ್ನೆ ಕೇಳ್ತಿದ್ದಾರೆ. ತಟ್ಟೆಯಲ್ಲಿರೋ ಪ್ರೋಟೀನಲ್ಲಿ ಮೈಗೆ ಸೇರೋದು ಎಷ್ಟು? ಅದಕ್ಕೆ ಅವರು ಮಾಡಿದ್ದು ಕೇಳಿ. ಪೈರು ಬೆಳೆಯುವಾಗಲೇ ಡ್ಯುಟೀರಿಯಂ ಇರುವ ಭಾರದ ನೀರು ಹಾಯಿಸಿದರು, ಕಾಳಿನ ಪ್ರೋಟೀನಿಗೆ ಹುಟ್ಟಿನಿಂದಲೇ ಗುರುತು ಬಂತು. ಮೊಟ್ಟೆಗೆ ಬೇಕಾದ ಗುರುತನ್ನು ಕೋಳಿಯ ಮೇವಿನಲ್ಲೇ ಕೊಟ್ಟರು. ಜೊತೆಗೆ ಕಾರ್ಬನ್ 13ರ ಗುರುತಿನ ಸ್ಪಿರುಲಿನಾ ಪಾಚಿ, ಅದು ಎಷ್ಟು ಜೀರ್ಣವಾಗುತ್ತೆ ಅಂತ ಮೊದಲೇ ಗೊತ್ತು. ಎರಡನ್ನೂ ಒಂದೇ ಊಟದಲ್ಲಿ ತಿನ್ನಿಸಿ, ರಕ್ತದಲ್ಲಿ ಎರಡು ಗುರುತುಗಳ ಅನುಪಾತ ನೋಡೋದು. ನಮ್ಮ ನೂರು ಹುಳದ ಲೆಕ್ಕವೇ.

2019ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ಎರಡು ವರ್ಷದೊಳಗಿನ ಮಕ್ಕಳ ಮೇಲೆ ನಡೆದದ್ದು. ಅನಿವಾರ್ಯ ಅಮೈನೋ ಆಮ್ಲಗಳಲ್ಲಿ ಸರಾಸರಿ ಎಷ್ಟು ಪಾಲು ಜೀರ್ಣವಾಗಿ ಮೈಗೆ ಸೇರಿತು ಅಂದ್ರೆ, ಮೊಟ್ಟೆಯಲ್ಲಿ ಸುಮಾರು ಶೇ 87, ಅಕ್ಕಿಯಲ್ಲಿ 78, ರಾಗಿಯಲ್ಲಿ 68, ಹೆಸರುಕಾಳಲ್ಲಿ 65. ಗಮನಿಸಿ, ಇಲ್ಲಿ ಅಳೆದದ್ದು ಓಟ್ಸ್ ಅಲ್ಲ, ಕಿನ್ವಾ ಅಲ್ಲ. ನಮ್ಮ ರಾಗಿ, ನಮ್ಮ ಹೆಸರುಕಾಳು.

ಈಗ ನನ್ನ ತಮ್ಮನಿಗೂ ಅವ್ವನಿಗೂ ಒಟ್ಟಿಗೆ ಉತ್ತರ. ರಾಗಿಯಲ್ಲಿ ಪ್ರೋಟೀನೇ ಇಲ್ಲ ಅನ್ನೋದು ಸುಳ್ಳು, 100 ಗ್ರಾಂನಲ್ಲಿ ಸುಮಾರು 7 ಗ್ರಾಂ ಇದೆ. ಆದರೆ ಒರಟು ಲೆಕ್ಕ ಹಾಕಿದರೆ ಮೈಗೆ ಸೇರೋದು ಐದು ಗ್ರಾಂಗಿಂತ ಕಮ್ಮಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಸೇರೋದು ಐದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಒಂದು ಮೊಟ್ಟೆ ಕೊಟ್ಟಷ್ಟನ್ನು ಕೊಡೋಕೆ 100 ಗ್ರಾಂಗೂ ಹೆಚ್ಚು ರಾಗಿ ಹಿಟ್ಟು ಬೇಕು. ತಾತ ಅದರ ಎರಡರಷ್ಟು ಉಣ್ತಿದ್ದ, ಸರಿ. ಒಂದೂವರೆ ವರ್ಷದ ಮಗುವಿನ ಹೊಟ್ಟೆ ಎಷ್ಟಿರುತ್ತೆ ಅವ್ವಾ?

ಇಷ್ಟೇ ಅಲ್ಲ. ಪ್ರೋಟೀನ್ ಕಟ್ಟೋಕೆ ಇಪ್ಪತ್ತು ಬಗೆ ಅಮೈನೋ ಆಮ್ಲ ಬೇಕು. ಅದರಲ್ಲಿ ಒಂಬತ್ತನ್ನು ಊಟದಿಂದಲೇ ಪಡೆಯಬೇಕು, ಮೈ ತಾನೇ ಮಾಡಿಕೊಳ್ಳಲ್ಲ. ರಾಗಿ, ಅಕ್ಕಿ, ಗೋಧಿ ಮೂರರಲ್ಲೂ ಲೈಸೀನ್ ಅನ್ನೋದು ಕೊರತೆ. ಚನ್ನಪಟ್ಟಣದ ಬೊಂಬೆ ಮಾಡೋರನ್ನ ಕೇಳಿ. ಹಾಲೆ ಮರ ಎಷ್ಟೇ ರಾಶಿ ಇರಲಿ, ಅರಗು ಮುಗಿದರೆ ಬಣ್ಣದ ಬೊಂಬೆ ಆಗಲ್ಲ, ಮರ ಹಾಗೇ ಬಿದ್ದಿರುತ್ತೆ. ಲೈಸೀನ್ ಮುಗಿದರೆ ಮಿಕ್ಕ ಅಮೈನೋ ಆಮ್ಲಗಳನ್ನು ಮೈ ಸುಟ್ಟು ಉಸಿರಲ್ಲಿ ಹೊರಗೆ ಬಿಡುತ್ತೆ.

ಆ ಉಸಿರನ್ನೂ ಇವರು ಅಳೆದಿದ್ದಾರೆ. ಕಾರ್ಬನ್ 13 ಇರುವ ಲ್ಯೂಸೀನ್ ಕೊಟ್ಟು, ಊಟದಲ್ಲಿ ಲೈಸೀನ್ ಹೆಚ್ಚು ಕಡಿಮೆ ಮಾಡಿ, ಉಸಿರಲ್ಲಿ ಭಾರದ ಕಾರ್ಬನ್ ಎಷ್ಟು ಬರುತ್ತೆ ಅಂತ ನೋಡಿದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕೆಜಿ ಮೈತೂಕಕ್ಕೆ 12 ಮಿಲಿಗ್ರಾಂ ಲೈಸೀನ್ ಸಾಕು ಅಂದಿತ್ತು. ಬೆಂಗಳೂರಿನ ಪ್ರಯೋಗಗಳೂ ಸೇರಿದಂತೆ ಇಂಥ ಅಳತೆಗಳ ಆಧಾರದ ಮೇಲೆ 2007ರ ವರದಿಯಲ್ಲಿ ಅದು 30 ಆಯಿತು. ಎರಡೂವರೆ ಪಟ್ಟು! ಹಳೇ ಅಂಕಿಯನ್ನು ಹಿಡಿದು ‘ಧಾನ್ಯ ತಿನ್ನೋರಿಗೆ ಪ್ರೋಟೀನ್ ಕೊರತೆ ಇಲ್ಲ’ ಅಂತ ಹೇಳಿಕೊಂಡು ಬಂದ ವರ್ಷಗಳನ್ನ ಒಮ್ಮೆ ಯೋಚನೆ ಮಾಡಿ.

ಇನ್ನು ನಿಮ್ಮ ಹತ್ತಿರ ಬರ್ತೀನಿ. ನಿಮ್ಮ ಅಂದ್ರೆ ನಮ್ಮ, ಸಂಬಳ ಎಣಿಸಿ ಪ್ರೋಟೀನ್ ಎಣಿಸೋ ನಮ್ಮ ಹತ್ತಿರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಏನಾಯಿತು ನೆನಪಿದೆಯಾ? ಕೆಲವು ಮಠಾಧೀಶರು, ಸಂಘಟನೆಗಳು ನಿಲ್ಲಿಸಿ ಅಂದರು. ವಾರಗಟ್ಟಲೆ ಟೀವಿಯಲ್ಲಿ ಚರ್ಚೆ. ಸಂಸ್ಕೃತಿ ಬಂತು, ಸಾತ್ವಿಕ ಬಂತು, ಯಾರ ಭಾವನೆಗೆ ನೋವಾಯಿತು ಅನ್ನೋದೂ ಬಂತು. ಮೊಟ್ಟೆಯಿಂದ ಮಗುವಿನ ರಕ್ತಕ್ಕೆ ಶೇ 87 ಸೇರುತ್ತೆ ಅನ್ನೋ ಅಂಕಿ ಮಾತ್ರ ಬರಲಿಲ್ಲ. ಇದೇ ರಾಜ್ಯದ ರಾಜಧಾನಿಯಲ್ಲಿ, ನಮ್ಮದೇ ಮಕ್ಕಳ ಮೇಲೆ ಅಳೆದ ಅಂಕಿ ಅದು. ಎರಡು ವರ್ಷದ ಹಿಂದೆಯೇ ಪ್ರಕಟವಾಗಿತ್ತು.

ಆಗ ನಾವೇನು ಮಾಡ್ತಿದ್ವಿ? ಐಸೊಲೇಟ್ ಒಳ್ಳೇದಾ ಕಾನ್ಸಂಟ್ರೇಟ್ ಒಳ್ಳೇದಾ ಅಂತ ವಾಟ್ಸಾಪಲ್ಲಿ ವಾದ ಮಾಡ್ತಿದ್ವಿ. ನಮ್ಮ ತೋಳಿಗೆ ಅರ್ಧ ಗ್ರಾಂ ಕಮ್ಮಿಯಾದರೆ ರಿವ್ಯೂ ಬರೆಯೋ ನಾವು, ಮೊಟ್ಟೆ ಮಗುವಿನ ತಟ್ಟೆಯಿಂದ ಕೈಬಿಡೋ ಹಂತದಲ್ಲಿದ್ದಾಗ ಒಂದು ಸಾಲು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ದಿನಾ ಆ ಯಂತ್ರದ ಮುಂದೆ ಕೂರೋನು ನಾನು, ನನಗಂತೂ ನೆಪವೇ ಇಲ್ಲ.

ಮೊಟ್ಟೆ ಆಮೇಲೆ ಎಲ್ಲ ಜಿಲ್ಲೆಗೂ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. 2013ರ ಕ್ಷೀರಭಾಗ್ಯದ ಹಾಲಿಗೆ ರಾಗಿ ಮಾಲ್ಟ್ ಕೂಡ ಸೇರಿತು. ಇದು ಜಾಣತನದ ಜೋಡಿ, ರಾಗಿಯಲ್ಲಿ ಕೊರತೆಯಾದ ಲೈಸೀನನ್ನು ಹಾಲು ತುಂಬಿಕೊಡುತ್ತೆ, ರಾಗಿ ಕ್ಯಾಲ್ಸಿಯಂ ಕೊಡುತ್ತೆ. ಒಳ್ಳೇದಾಯ್ತು. ಆದರೆ ಮೊಟ್ಟೆ ಬೇಡ ಅನ್ನೋ ಮಗುವಿಗೆ ಬದಲಾಗಿ ಬಾಳೆಹಣ್ಣು ಕೊಡ್ತೀವಲ್ಲ, ಅದು ಯಾವ ಲೆಕ್ಕ? ಒಂದು ಬಾಳೆಹಣ್ಣಲ್ಲಿ ಇರೋದು ಒಂದು ಗ್ರಾಂ ಆಸುಪಾಸಿನ ಪ್ರೋಟೀನು. ಮೊಟ್ಟೆ ತಿನ್ನದ ಮಗುವಿನ ಮನೆಯ ಆಚಾರವನ್ನು ಗೌರವಿಸೋಣ, ಅದು ಅವರ ಹಕ್ಕು. ಗೌರವ ಅಂದ್ರೆ ಆ ಮಗುವಿಗೆ ಅಷ್ಟೇ ಲೈಸೀನ್ ಸಿಗೋ ಹಾಗೆ ಇನ್ನೊಂದು ಲೋಟ ಹಾಲೋ, ಸಿಪ್ಪೆ ತೆಗೆದ ಹೆಸರುಬೇಳೆಯೋ, ಚಿಕ್ಕಿಯ ಜೊತೆ ಮೊಸರೋ ಕೊಡೋದು. ಸಿಪ್ಪೆ ತೆಗೆದರೆ ಹೆಸರುಕಾಳಿನ ಜೀರ್ಣ ಹೆಚ್ಚುತ್ತೆ ಅನ್ನೋದನ್ನೂ ಇದೇ ಕೋರಮಂಗಲದ ತಂಡ ಅಳೆದು ತೋರಿಸಿದೆ. ಬಾಳೆಹಣ್ಣು ಕೊಟ್ಟು ‘ಸಮ ಮಾಡಿದ್ವಿ’ ಅನ್ನೋದು ಆ ಮಗುವಿಗೂ ಆ ಮನೆಗೂ ಮೋಸ.

ನೀವು ಕೇಳಬಹುದು, ಇಂಥ ಅಧ್ಯಯನಗಳು ಬೆರಳೆಣಿಕೆಯ ಮಕ್ಕಳ ಮೇಲೆ ನಡೆದದ್ದಲ್ವಾ, ಅದನ್ನು ಹಿಡಿದು ಇಡೀ ರಾಜ್ಯಕ್ಕೆ ನಿಯಮ ಮಾಡೋದಾ ಅಂತ. ಒಳ್ಳೇ ಪ್ರಶ್ನೆ. ಭಾರದ ಅಣುಗಳು ದುಬಾರಿ, ಯಂತ್ರ ಕೋಟಿಗಟ್ಟಲೆ, ಪುಟ್ಟ ಮಕ್ಕಳಿಂದ ರಕ್ತ ತೆಗೆಯೋದು ಸುಲಭದ ಮಾತಲ್ಲ. ಆದರೆ ಅದರ ಉತ್ತರ ಅಳತೆಯನ್ನೇ ಬಿಡೋದಲ್ಲ, ಇನ್ನಷ್ಟು ಅಳೆಯೋದು. ಹುರುಳಿ, ಅವರೆ, ಅಲಸಂದೆ ಇಲ್ಲದೆ ನಮ್ಮ ನಾಲ್ಕು ತಾಲ್ಲೂಕಲ್ಲಿ ಸಾರೇ ಆಗಲ್ಲ. ಕಾಳನ್ನು ನೆನೆಸಿದರೆ ಎಷ್ಟು, ಮೊಳಕೆ ಕಟ್ಟಿದರೆ ಎಷ್ಟು, ಹಿಸುಕಿದ ಅವರೆಕಾಳಿಗೆ ಎಷ್ಟು? ಮನೆ ಮನೆಯ ಅಡುಗೆಗೆ ಈ ಅಂಕಿ ಬೇಕು. ಅಂಗನವಾಡಿಯ ಮೆನು ಬರೆಯೋ ಅಧಿಕಾರಿಯ ಮೇಜಿನ ಮೇಲೆ ಈ ಅಂಕಿ ಇರಬೇಕು. ನಮ್ಮ ಕಂಪನಿಗಳ ಸಿಎಸ್‌ಆರ್ ದುಡ್ಡಲ್ಲಿ ಶಾಲೆ ಗೋಡೆಗೆ ಬಣ್ಣ ಬಳಿದು ಸೆಲ್ಫಿ ತೆಗೆದುಕೊಂಡಿದ್ದು ಸಾಕು. ಆ ಕಮಿಟಿಯಲ್ಲಿ ಕೂತಿರೋದು ನೀವೇ. ಮುಂದಿನ ಮೀಟಿಂಗಲ್ಲಿ ಒಂದು ಕಾಳನ್ನು ಅಳೆಯಿಸೋ ಪ್ರಸ್ತಾಪ ಇಡಿ.

ಡಬ್ಬದ ಕಂಪನಿಗೂ ಒಂದು ಮೇಲ್ ಹಾಕಿ. ಈ 24 ಗ್ರಾಂ ಸಾರಜನಕದ ಗುಣಾಕಾರವೋ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಅಳೆದದ್ದೋ, ಲೈಸೀನ್ ಎಷ್ಟಿದೆ ಅಂತ ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಆವತ್ತು ಊಟದ ಕೊನೆಗೆ ನಾನು ಹೇಳಿದ್ದು ಒಂದೇ ಮಾತು. “ಮುದ್ದೆ ಅರ್ಧ ಮಾಡ್ಬೇಡ ಕಣೋ, ಸಾರಲ್ಲಿ ಕಾಳು ಎರಡರಷ್ಟು ಹಾಕಿಸ್ಕೊ.” ಅವ್ವ ಗೆದ್ದೆ ಅಂದುಕೊಂಡು ನಕ್ಕಳು. ಸಂಜೆ ಪಕ್ಕದ ಮನೆಯ ಪುಟ್ಟಿ ಅಂಗಳಕ್ಕೆ ಆಡೋಕೆ ಬಂತು. ವಯಸ್ಸು ಮೂರು, ನೋಡಿದರೆ ಎರಡು ಅನ್ನಬೇಕು. ಅವಳಮ್ಮ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಫ್ಯಾಟ್ ಎಷ್ಟು ಬಂತು ಅಂತ ಜಗಳ ಆಡಿ ಬರೋಳು. ಮನೆಯ ಹಾಲೆಲ್ಲ ಡೇರಿಗೆ ಹೋಗುತ್ತೆ, ಪುಟ್ಟಿಗೆ ಅಂಬಲಿ. ನನ್ನ ತಮ್ಮ ಅವಳನ್ನು ಎತ್ತಿ ಆಡಿಸ್ತಾ, “ಏನ್ ಅಗುರ ಇದೀಯಮ್ಮ ನೀನು!” ಅಂದ.

ಅಷ್ಟು ಹೊತ್ತೂ ಅವನ ಡಬ್ಬ ಜಗಲಿ ಮೇಲೇ ಇತ್ತು.